ದಮ್ಮಿನ ಮನೆಗೆ ವಾರಕ್ಕೊಂದು ಫೋನು

ನಮ್ಮ ದೊಡ್ಡಾಯಿಯ ಮನೆ ಶಿರಸಿಯಿಂದ ಒಳಗೆ. ಮನೆ ಮೇಲೆ, ಅಡಿಕೆ ತೋಟ ಕೆಳಗೆ, ನಡುವೆ ಒಂದು ಏರು. ಹುಲ್ಲಿನ ಹೊರೆ ತಲೆ ಮೇಲಿಟ್ಟುಕೊಂಡು ಆ ಏರನ್ನು ಅವಳು ಎಲ್ಲೂ ನಿಲ್ಲದೆ ಹತ್ತುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಒಂದು ಕಡೆ ನಿಲ್ಲತೊಡಗಿದಳು. ಆಮೇಲೆ ಮೂರು ಕಡೆ. ಕೇಳಿದರೆ "ಎಂತೂ ಇಲ್ಲೆ, ವಯಸ್ಸಾತು" ಅನ್ನುತ್ತಿದ್ದಳು. ಒಂದು ಮಳೆಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿತು. ರಾತ್ರಿ ಮಲಗಲಾರದೆ ಎದ್ದು ಕೂರುತ್ತಿದ್ದಳು. ಕೊನೆಗೆ ದೂರದ ಊರಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಸಿಒಪಿಡಿ ಅಂದರು, ಗಾಳಿಯ ಕೊಳವೆಗಳು ಕಿರಿದಾಗಿ ದಮ್ಮು ಬರುವ, ಬಹಳ ಕಾಲ ಉಳಿಯುವ ಶ್ವಾಸಕೋಶದ ಕಾಯಿಲೆ. ಬೀಡಿ ಮುಟ್ಟಿದವಳಲ್ಲ ಅವಳು.

ಐದು ದಿನಕ್ಕೆ ಮನೆಗೆ ಕಳಿಸಿದರು. ಜೊತೆಗೆ ಎರಡು ಇನ್‌ಹೇಲರ್, ಒಂದಿಷ್ಟು ಮಾತ್ರೆ, ಮತ್ತೆ ಒಂದು ಮಾತು: "ಇನ್ನು ಜಾಸ್ತಿ ಓಡಾಡಿಸಬೇಡಿ, ರೆಸ್ಟ್ ಮಾಡಲಿ."

ಆ ಮಾತನ್ನು ನಾವು ಚಾಚೂ ತಪ್ಪದೆ ಪಾಲಿಸಿದೆವು. ಬಾವಿಯ ಹಗ್ಗವನ್ನು ಅವಳ ಕೈಯಿಂದ ತೆಗೆದುಕೊಂಡೆವು. ತೋಟಕ್ಕೆ ಹೋಗಬೇಡ ಅಂದೆವು. ಕೊಟ್ಟಿಗೆ ಕಡೆ ಹೊರಟರೆ ಗದರಿದೆವು. ನಾಲ್ಕೇ ತಿಂಗಳು. ಜಗಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಅವಳಿಗೆ ದಮ್ಮು ಹತ್ತತೊಡಗಿತು. ನಾಲ್ಕು ತಿಂಗಳಲ್ಲಿ ಶ್ವಾಸಕೋಶ ಅಷ್ಟೊಂದು ಕೆಡುವುದಿಲ್ಲ. ಕೆಟ್ಟದ್ದು ಅವಳ ಕಾಲು. ಕೆಡಿಸಿದ್ದು ನಾವು, ಪ್ರೀತಿಯಿಂದಲೇ. ಇದು ಅರ್ಥವಾಗಲು ನಮಗೆ ತಡವಾಯಿತು. ಬೇರೆ ಮನೆಗಳಲ್ಲಿ ಅಷ್ಟು ತಡವಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕಾಲು ಯಾಕೆ ಸೋಲುತ್ತದೆ

ಸಿಒಪಿಡಿ ಇದ್ದವರಿಗೆ ಉಸಿರು ಒಳಗೆ ತೆಗೆದುಕೊಳ್ಳುವುದು ಕಷ್ಟ ಎಂದು ಹೊರಗಿನಿಂದ ನೋಡಿದವರಿಗೆ ಅನಿಸುತ್ತದೆ. ನಿಜವಾದ ತೊಂದರೆ ಹೊರಗೆ ಬಿಡುವುದರಲ್ಲಿ ಇದೆ. ಗಾಳಿಯ ಕೊಳವೆಗಳು ಕಿರಿದಾಗಿರುತ್ತವೆ. ಉಸಿರು ಬಿಡುವಾಗ ಅವು ಇನ್ನಷ್ಟು ಮುಚ್ಚಿಕೊಳ್ಳುತ್ತವೆ. ಹಳೆಯ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಹೊಸ ಗಾಳಿ ಒಳಬರುತ್ತದೆ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಬಸ್ಸು ನೋಡಿದ್ದೀರಲ್ವಾ? ಇಳಿಯುವವರು ಇಳಿಯುವ ಮೊದಲೇ ಹತ್ತುವವರು ನುಗ್ಗಿರುತ್ತಾರೆ. ಎದೆಯೊಳಗೂ ಹಾಗೇ ಆಗುತ್ತದೆ. ಬೇಗ ನಡೆದರೆ ಉಸಿರೂ ಬೇಗ ಬೇಗ ಆಗುತ್ತದೆ, ಬಿಡಲು ಸಿಗುವ ಸಮಯ ಇನ್ನೂ ಕಡಿಮೆಯಾಗುತ್ತದೆ, ಎದೆ ಗಾಳಿಯಿಂದ ಬಿಗಿದುಕೊಳ್ಳುತ್ತದೆ.

ಒಮ್ಮೆ ಹೀಗಾದರೆ ಹೆದರಿಕೆ ಹುಟ್ಟುತ್ತದೆ. ಹೆದರಿದವರು ಕೂರುತ್ತಾರೆ. ಕೂತವರ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಬೇಗ ದಣಿಯುತ್ತದೆ, ಅಷ್ಟೇ ಕೆಲಸಕ್ಕೆ ಜಾಸ್ತಿ ಉಸಿರು ಕೇಳುತ್ತದೆ. ಹಾಗಾಗಿ ಮುಂದಿನ ಸಲ ಹತ್ತು ಹೆಜ್ಜೆ ಮೊದಲೇ ದಮ್ಮು ಬರುತ್ತದೆ. ಮತ್ತೆ ಹೆದರಿಕೆ, ಮತ್ತೆ ಕೂರುವುದು. ಹೊಳೆಯ ಸುಳಿಯ ಹಾಗೆ ಇದು ಒಳಗೆ ಎಳೆಯುತ್ತಾ ಹೋಗುತ್ತದೆ. ಇನ್‌ಹೇಲರ್ ಕೊಳವೆಯನ್ನು ಸ್ವಲ್ಪ ಅಗಲ ಮಾಡುತ್ತದೆ, ಅದು ಬೇಕೇ ಬೇಕು. ಆದರೆ ತೊಡೆಗೆ ಬಲ ತುಂಬುವ ಇನ್‌ಹೇಲರ್ ಇಲ್ಲ.

ಆ ಬಲ ತುಂಬುವ ಕೆಲಸಕ್ಕೆ ಪಲ್ಮನರಿ ರಿಹ್ಯಾಬಿಲಿಟೇಶನ್, ಚಿಕ್ಕದಾಗಿ ರಿಹ್ಯಾಬ್, ಅನ್ನುತ್ತಾರೆ. ಹೆಸರು ದೊಡ್ಡದು, ಒಳಗಿರುವುದು ಸರಳ. ಅಳತೆ ಹಾಕಿ ನಡೆಸುವುದು, ಕೈಕಾಲಿಗೆ ವ್ಯಾಯಾಮ, ಉಸಿರು ಬಿಡುವ ಕ್ರಮ, ಕಫ ತೆಗೆಯುವ ಕ್ರಮ, ಇನ್‌ಹೇಲರ್ ಸರಿಯಾಗಿ ಎಳೆಯಲು ಕಲಿಸುವುದು, ಊಟ, ಮತ್ತೆ ಧೈರ್ಯ. ಸಾಮಾನ್ಯವಾಗಿ ಎಂಟು ವಾರ, ಕೆಲವು ಕಡೆ ಹನ್ನೆರಡು ವಾರ. ಇದರಿಂದ ಕೆಟ್ಟ ಶ್ವಾಸಕೋಶ ಮೊದಲಿನಂತೆ ಆಗುವುದಿಲ್ಲ. ಶ್ವಾಸಕೋಶ ಪರೀಕ್ಷಿಸಲು ಊದಿಸುವ ಯಂತ್ರದಲ್ಲಿ ಬರುವ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಬದಲಾಗುವುದು ಮನುಷ್ಯ ಎಷ್ಟು ದೂರ ನಡೆಯಬಲ್ಲ, ಎಷ್ಟು ಕಡಿಮೆ ತೇಕುತ್ತಾನೆ ಎನ್ನುವುದು.

ಇದಕ್ಕೆ ಪುರಾವೆ ಕಡಿಮೆಯಿಲ್ಲ. 2015ರಲ್ಲಿ ವೈದ್ಯಕೀಯ ಪ್ರಯೋಗಗಳನ್ನು ಒಟ್ಟು ಹಾಕಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 65 ಪ್ರಯೋಗಗಳನ್ನು, ಒಟ್ಟು 3,822 ರೋಗಿಗಳ ಫಲಿತಾಂಶವನ್ನು ಒಟ್ಟಿಗೆ ಇಟ್ಟು ನೋಡಿತು. ಆರು ನಿಮಿಷದಲ್ಲಿ ನಡೆಯುವ ದೂರ ಸರಾಸರಿ 44 ಮೀಟರ್‌ನಷ್ಟು ಹೆಚ್ಚಾಗಿತ್ತು. 30 ಮೀಟರ್ ಹೆಚ್ಚಾದರೇ ರೋಗಿಗೆ ವ್ಯತ್ಯಾಸ ಗೊತ್ತಾಗುತ್ತದೆ ಎಂಬುದು ವೈದ್ಯರ ಲೆಕ್ಕ. 44 ಮೀಟರ್ ಅಂದರೆ ನಮ್ಮ ಕಡೆಯ ಮನೆಗಳಲ್ಲಿ ಜಗಲಿಯಿಂದ ಕೊಟ್ಟಿಗೆಗೆ ಹೋಗಿ ಬರುವಷ್ಟು. ಇನ್ನೊಬ್ಬರ ಕೈ ಕಾಯದೆ ಬದುಕಲು ಅಷ್ಟು ಸಾಕಾಗುತ್ತದೆ. ಇದು ಕೆಲಸ ಮಾಡುತ್ತದೋ ಇಲ್ಲವೋ ಎಂದು ನೋಡಲು ಇನ್ನು ಹೊಸ ಪ್ರಯೋಗ ಬೇಡ ಎನ್ನುವ ಮಟ್ಟಕ್ಕೆ ಆಗಲೇ ಮಾತು ಬಂದಿತ್ತು.

2020ರಲ್ಲಿ ಅಮೆರಿಕದ ಇನ್ನೊಂದು ಅಧ್ಯಯನ ಬಂತು. ಸಿಒಪಿಡಿ ಜೋರಾಗಿ ಆಸ್ಪತ್ರೆ ಸೇರಿ ಮನೆಗೆ ಮರಳಿದ ಸುಮಾರು 1.97 ಲಕ್ಷ ಹಿರಿಯರ ದಾಖಲೆ ಅದರಲ್ಲಿತ್ತು. ಮೂರು ತಿಂಗಳೊಳಗೆ ರಿಹ್ಯಾಬ್ ಶುರು ಮಾಡಿದವರಲ್ಲಿ ವರ್ಷದೊಳಗೆ ತೀರಿಕೊಂಡವರು 7.3 ಶೇಕಡಾ. ಅಷ್ಟರೊಳಗೆ ಶುರು ಮಾಡದವರಲ್ಲಿ 19.6 ಶೇಕಡಾ. ಹೋಗಲು ಆದವರು ಮೊದಲೇ ಸ್ವಲ್ಪ ಗಟ್ಟಿಯಿದ್ದರು ಅಂತಲೂ ಇರಬಹುದು, ಆದ್ದರಿಂದ ಅಷ್ಟೂ ಲಾಭ ರಿಹ್ಯಾಬಿನದೇ ಅನ್ನುವಂತಿಲ್ಲ. ನನ್ನನ್ನು ಕಾಡಿದ್ದು ಅದೇ ಅಧ್ಯಯನದ ಬೇರೊಂದು ಅಂಕಿ. ಮೂರು ತಿಂಗಳೊಳಗೆ ಶುರು ಮಾಡಿದವರು ಬರೀ 1.5 ಶೇಕಡಾ. ಅಷ್ಟು ದುಡ್ಡಿರುವ ದೇಶದಲ್ಲೇ ಈ ಕತೆ.

ಬಚ್ಚಲ ಒಲೆಯ ಹೊಗೆ

ಭಾರತದಲ್ಲಿ 2016ರಲ್ಲಿ ಸಿಒಪಿಡಿ ಇದ್ದವರು ಸುಮಾರು 5.5 ಕೋಟಿ ಎಂದು ಅಂದಾಜಾಗಿದೆ. ಜಗತ್ತಿನ ಜನಸಂಖ್ಯೆಯಲ್ಲಿ ನಾವು 18 ಶೇಕಡಾ ಇದ್ದರೆ, ದೀರ್ಘಕಾಲದ ಉಸಿರಾಟದ ರೋಗಗಳ ಹೊರೆಯಲ್ಲಿ ನಮ್ಮ ಪಾಲು 32 ಶೇಕಡಾ. ನಮ್ಮಲ್ಲಿ ಸಿಒಪಿಡಿಗೆ ತಂಬಾಕಿಗಿಂತ ದೊಡ್ಡ ಕಾರಣ ಕೆಟ್ಟ ಗಾಳಿ. ಮನೆಯೊಳಗಿನ ಹೊಗೆಯೂ ಅದರಲ್ಲೇ ಬರುತ್ತದೆ.

ಉತ್ತರ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಗೆಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಯಿತು. ಬಚ್ಚಲ ಒಲೆ ಮಾತ್ರ ಹಾಗೇ ಇದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಹಸಿ ಕಟ್ಟಿಗೆ, ಅಡಿಕೆ ಸಿಪ್ಪೆ, ತೆಂಗಿನ ಮಡಲು. ಒಲೆಯ ಎದುರು ಕೂತು ಊದುಗೊಳವೆಯಲ್ಲಿ ಊದುವವರು ಹೆಂಗಸರು. ಕೊಯ್ಲು ಶುರುವಾದರೆ ಅಡಿಕೆ ಬೇಯಿಸುವ ಹಂಡೆಯ ಹೊಗೆ ಬೇರೆ. ಆದರೂ "ಸಿಗರೇಟು ಸೇದ್ತೀರಾ" ಎಂದು ಕೇಳಿ, ಇಲ್ಲ ಅಂದ ಕೂಡಲೇ ವಿಷಯ ಅಲ್ಲಿಗೇ ಮುಗಿಯುವುದುಂಟು. ಒಲೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ಹಳೆಯ ಟಿಬಿ ವಾಸಿಯಾಗಿ ಶ್ವಾಸಕೋಶದಲ್ಲಿ ಗಾಯದ ಕಲೆ ಉಳಿದವರದೂ ಇದೇ ಪಾಡು. ಟಿಬಿ ಹೋಯಿತು ಎಂದು ಎಲ್ಲರೂ ಸುಮ್ಮನಾಗುತ್ತಾರೆ, ದಮ್ಮು ಮಾತ್ರ ಅವರ ಜೊತೆ ಇರುತ್ತದೆ.

ಇನ್ನು ದಾರಿಯ ಮಾತು. ನಮ್ಮದು ಹನ್ನೆರಡು ತಾಲ್ಲೂಕಿನ ಜಿಲ್ಲೆ. ಅರ್ಧ ಕರಾವಳಿ, ಅರ್ಧ ಘಟ್ಟದ ಮೇಲೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೂ ಕಷ್ಟದ ಕಾಯಿಲೆ ಬಂದರೆ ಭಟ್ಕಳ, ಹೊನ್ನಾವರದವರು ಮಣಿಪಾಲದ ದಾರಿ ಹಿಡಿಯುತ್ತಾರೆ, ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ ಹೋಗುತ್ತಾರೆ, ಕಾರವಾರದವರು ಗೋವೆಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು ಅದರಿಂದಲೇ ಅಷ್ಟು ಜೋರಾಯಿತು. 2024ರ ಜುಲೈ 16ರಂದು ಇನ್ನೊಂದು ಶಿರೂರು, ಅಂಕೋಲೆಯದು, ಗುಡ್ಡ ಕುಸಿದು ಹೆದ್ದಾರಿಯನ್ನೇ ಮುಚ್ಚಿತು. ಮುಂದಿನ ತಿಂಗಳು ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆ ಕೂಗು ನ್ಯಾಯದ್ದು, ನಾನೂ ಅದರ ಜೊತೆ ಇದ್ದೇನೆ. ಆದರೆ ನಾಳೆಯೇ ಅಂಥ ಆಸ್ಪತ್ರೆ ಎದ್ದು ನಿಂತರೂ ದೊಡ್ಡಾಯಿಯಂಥವರ ಈ ಒಂದು ತೊಂದರೆ ಅದರಿಂದ ತೀರುವುದಿಲ್ಲ. ಯಾಕೆಂದರೆ ರಿಹ್ಯಾಬ್ ಒಂದು ದಿನದ ಆಪರೇಶನ್ ಅಲ್ಲ. ವಾರಕ್ಕೆ ಎರಡು ಮೂರು ಸಲದಂತೆ ಎಂಟು ವಾರ ಹೋಗಬೇಕು.

ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹೆಂಗಸರಿಗೆ ಬಸ್ಸಿನ ದುಡ್ಡಿನ ಚಿಂತೆಯಿಲ್ಲ. ಅದು ದೊಡ್ಡ ಉಪಕಾರ. ಆದರೆ ಬಸ್ಸು ನಿಲ್ಲುವ ಜಾಗ ನಮ್ಮ ದೊಡ್ಡಾಯಿಯ ಮನೆಯಿಂದ ಒಂದೂವರೆ ಕಿಲೋಮೀಟರ್. ನಡೆಯಲಾಗದ್ದೇ ರೋಗ. ನಡೆಯಲು ಕಲಿಸುವ ಜಾಗಕ್ಕೆ ಹೋಗಬೇಕಾದರೆ ಮೊದಲು ಒಂದೂವರೆ ಕಿಲೋಮೀಟರ್ ನಡೆಯಬೇಕು!

ಫೋನಿನಲ್ಲಿ ನಡೆಸುವುದು

ಹಾಗಾದರೆ ಕಲಿಸುವವರೇ ದೂರದಿಂದ ಕಲಿಸಬಹುದಲ್ವಾ? ಇದನ್ನೇ ಟೆಲಿ ರಿಹ್ಯಾಬ್ ಅನ್ನುತ್ತಾರೆ. ಕೋವಿಡ್ ಬಂದಾಗ ಆಸ್ಪತ್ರೆಯ ರಿಹ್ಯಾಬ್ ಕೇಂದ್ರಗಳು ಮುಚ್ಚಿದ್ದರಿಂದ ಈ ದಾರಿ ಹಿಡಿದವರು ಬಹಳ. ಆದರೆ ಪ್ರಯೋಗಗಳು ಅದಕ್ಕೂ ಮೊದಲೇ ನಡೆದಿದ್ದವು. 2021ರಲ್ಲಿ ಕಾಕ್ರೇನ್ 15 ಅಧ್ಯಯನಗಳ, 1,904 ಜನರ ಲೆಕ್ಕ ತೆಗೆಯಿತು. ಅವರಲ್ಲಿ 99 ಶೇಕಡಾ ಸಿಒಪಿಡಿ ಇದ್ದವರು. ದೂರದಿಂದ ಕಲಿತವರಿಗೂ ಕೇಂದ್ರಕ್ಕೆ ಹೋಗಿ ಕಲಿತವರಿಗೂ ಫಲ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಮಾತ್ರ ವ್ಯತ್ಯಾಸ ಇತ್ತು. ದೂರದಿಂದ ಕಲಿತವರಲ್ಲಿ 93 ಶೇಕಡಾ ಜನ ಕೊನೆಯ ತನಕ ಮಾಡಿದ್ದರು. ಕೇಂದ್ರಕ್ಕೆ ಹೋದವರಲ್ಲಿ 70 ಶೇಕಡಾ. ಅಮೆರಿಕದ ಎದೆರೋಗ ತಜ್ಞರ ಸಂಘವೂ 2023ರ ಮಾರ್ಗಸೂಚಿಯಲ್ಲಿ ಎರಡರಲ್ಲಿ ರೋಗಿಗೆ ಯಾವುದು ಬೇಕೋ ಅದನ್ನು ಕೊಡಿ ಎಂದಿತು.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಸ್ಟ್ರೇಲಿಯಾದ ಒಂದು ಪ್ರಯೋಗ. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. 166 ರೋಗಿಗಳು. ಮನೆಯ ಗುಂಪಿನವರಿಗೆ ಫಿಸಿಯೋಥೆರಪಿಸ್ಟ್ ಒಮ್ಮೆ ಮನೆಗೆ ಬಂದು ಹೋದರು. ಆಮೇಲೆ ವಾರಕ್ಕೊಂದರಂತೆ ಏಳು ಫೋನ್ ಕರೆ. ಅಷ್ಟೇ. ವಿಡಿಯೋ ಇಲ್ಲ, ಆ್ಯಪ್ ಇಲ್ಲ, ಯಂತ್ರ ಇಲ್ಲ. ಮನೆಯಲ್ಲಿ ಇರುವ ಸಾಮಾನುಗಳಿಂದಲೇ ವ್ಯಾಯಾಮ. ಎಂಟು ವಾರದ ಕೊನೆಗೆ ನಡಿಗೆಯಲ್ಲಿ ಇವರು ಕೇಂದ್ರಕ್ಕೆ ಹೋದವರಿಗಿಂತ ಹಿಂದೆ ಬಿದ್ದಿರಲಿಲ್ಲ. ಕೊನೆಯ ತನಕ ಮುಗಿಸಿದವರು ಮನೆಯ ಗುಂಪಿನಲ್ಲಿ 91 ಶೇಕಡಾ, ಕೇಂದ್ರದ ಗುಂಪಿನಲ್ಲಿ 49.

ಟೆಲಿ ರಿಹ್ಯಾಬ್ ಎಂದ ಕೂಡಲೇ ಎಲ್ಲರೂ ಆ್ಯಪ್ ಬಗ್ಗೆಯೇ ಮಾತಾಡುತ್ತಾರೆ. ನಮ್ಮ ಜಿಲ್ಲೆಗೆ ಆ ದಾರಿ ಸರಿಯಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕೋವಿಡ್ ಕಾಲದಲ್ಲಿ ನಮ್ಮ ಮಕ್ಕಳು ಆನ್‌ಲೈನ್ ಪಾಠಕ್ಕೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ್ದರು. ಎಪ್ಪತ್ತರ ಹತ್ತಿರದ ದಮ್ಮಿನ ರೋಗಿಯನ್ನು ವಿಡಿಯೋ ಕಾಲ್‌ಗಾಗಿ ಗುಡ್ಡ ಹತ್ತಿಸಲು ಆಗುತ್ತದಾ? ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಜೋಯಿಡಾದ ಒಳಗಿನ ಹಳ್ಳಿಗಳಲ್ಲಿ ಬೇಸಿಗೆಯಲ್ಲೂ ಇದೇ ಪರಿಸ್ಥಿತಿ. ಬಟನ್ ಫೋನಿಗೆ ಸಿಗುವ ಸಿಗ್ನಲ್ ಅಂಗಳದ ಯಾವುದೋ ಒಂದು ಮೂಲೆಯಲ್ಲಾದರೂ ಇರುತ್ತದೆ, ಅದು ಎಲ್ಲಿ ಅಂತ ಮನೆಯವರಿಗೆ ಗೊತ್ತಿರುತ್ತದೆ. ಕೆಲವು ಮನೆಗಳಲ್ಲಿ ಲ್ಯಾಂಡ್‌ಲೈನ್ ಇನ್ನೂ ಉಳಿದಿದೆ. ವಾರಕ್ಕೆ ಇಪ್ಪತ್ತು ನಿಮಿಷದ ಮಾತಿಗೆ ಅದು ಸಾಕು.

ಮಾತು ಯಾವ ಭಾಷೆಯಲ್ಲಿ ಅನ್ನುವುದೂ ಮುಖ್ಯ. ಭಟ್ಕಳದ ನವಾಯತಿ, ಕಾರವಾರದ ಕೊಂಕಣಿ, ಹಳಿಯಾಳದ ಮರಾಠಿ, ಅಂಕೋಲೆಯ ಹಾಲಕ್ಕಿ ಕನ್ನಡ, ಶಿರಸಿಯ ಹವಿಗನ್ನಡ. "ಡಿಸ್‌ಪ್ನಿಯಾ ಗ್ರೇಡ್ ಎಷ್ಟು" ಅಂತ ಕೇಳಿದರೆ ಯಾರೂ ಉತ್ತರ ಹೇಳುವುದಿಲ್ಲ. "ಮೀಯಲೆ ಹೋಪಾಗ ದಮ್ಮು ಬತ್ತಾ" (ಸ್ನಾನಕ್ಕೆ ಹೋಗುವಾಗ ದಮ್ಮು ಬರುತ್ತದಾ) ಅಂತ ಕೇಳಿದರೆ ದೊಡ್ಡಾಯಿ ಹತ್ತು ನಿಮಿಷ ಮಾತಾಡುತ್ತಾಳೆ. ಆ ಹತ್ತು ನಿಮಿಷದಲ್ಲಿ ವೈದ್ಯರಿಗೆ ಬೇಕಾದದ್ದು ಎಲ್ಲ ಇರುತ್ತದೆ.

ಅಂಗಳದಲ್ಲಿ ಹೇಗೆ ನಡೆಯುತ್ತದೆ

ನಮಗೆ ಪರಿಚಯದವರೊಬ್ಬರ ಮೂಲಕ ಒಬ್ಬ ಫಿಸಿಯೋ ಸಿಕ್ಕಿದರು. ಎದೆಯ ಕಾಯಿಲೆಯದ್ದನ್ನೇ ವಿಶೇಷವಾಗಿ ಓದಿದವರು. ಫಿಸಿಯೋ ಅಂದರೆ ಮೊಣಕಾಲು, ಸೊಂಟ, ಪಾರ್ಶ್ವವಾಯು ಅಂತಷ್ಟೇ ನಾವು ತಿಳಿದಿದ್ದೆವು. ಅವರು ಒಂದು ದಿನ ಮನೆಗೆ ಬಂದು ಎರಡು ಗಂಟೆ ಇದ್ದರು. ಅದಕ್ಕೂ ಮೊದಲು ಡಾಕ್ಟರ ಹತ್ತಿರ ಹೃದಯದ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದ್ದರು.

ಮೊದಲು ಅಳತೆ. ಆಸ್ಪತ್ರೆಯಲ್ಲಾದರೆ 30 ಮೀಟರ್ ಉದ್ದದ ಕಾರಿಡಾರಿನಲ್ಲಿ ಆರು ನಿಮಿಷ ನಡೆಸುತ್ತಾರೆ. ಮನೆಯಲ್ಲಿ ಅಷ್ಟು ಉದ್ದ ಎಲ್ಲಿ? ಹಾಗಾಗಿ ಕುರ್ಚಿ ಪರೀಕ್ಷೆ. ಕೈ ಊರದೆ ಒಂದು ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತಾರೆ ಎಂದು ಎಣಿಸುವುದು. ದೊಡ್ಡಾಯಿಗೆ ಒಂಬತ್ತು ಸಲ ಆಯಿತು. ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಲೇ ಇದ್ದರು.

ಆಮೇಲೆ ಅಂಗಳ ಅಳೆದರು. ಅಡಿಕೆ ಒಣಗಿಸುವ ಅಂಗಳ ಸಮತಟ್ಟಾಗಿರುತ್ತದೆ, ಕಲ್ಲು ಎಡವುವುದಿಲ್ಲ, ಇದಕ್ಕಿಂತ ಒಳ್ಳೆಯ ಜಾಗ ಯಾವುದೂ ಬೇಡ ಅಂದರು. ಹದಿನೈದು ಮೀಟರಿಗೆ ಒಂದು ಗುರುತು. ಎಣಿಸಲು ಒಂದು ಬಟ್ಟಲಲ್ಲಿ ಅಡಿಕೆ. ಒಮ್ಮೆ ಹೋಗಿ ಬಂದರೆ ಒಂದು ಅಡಿಕೆ ಈ ಬಟ್ಟಲಿನಿಂದ ಆ ಬಟ್ಟಲಿಗೆ. ಈ ಲೆಕ್ಕ ಹೇಳಿದ್ದು ದೊಡ್ಡಾಯಿಯೇ. ಮಳೆ ಬಂದರೆ ಜಗಲಿಯಲ್ಲಿ ನಡೆಯುವುದು. ಮಳೆಗಾಲ ಅಂತ ನಿಲ್ಲಿಸಿದರೆ ನಮ್ಮ ಕಡೆ ನಾಲ್ಕು ತಿಂಗಳು ನಿಂತ ಹಾಗೆ.

ಎಷ್ಟು ಜೋರಾಗಿ ನಡೆಯಬೇಕು? ಪಕ್ಕದವರ ಹತ್ತಿರ ಎರಡು ಮಾತಾಡಲು ಆಗಬೇಕು, ಯಕ್ಷಗಾನದ ಭಾಗವತರ ಹಾಗೆ ಪದ ಎತ್ತಲು ಆಗಬಾರದು. ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ದಮ್ಮು ಮೂರು ನಾಲ್ಕರ ಹತ್ತಿರ ಇರಬೇಕು. ಸ್ವಲ್ಪವೂ ದಮ್ಮು ಬಾರದಂತೆ ನಡೆದರೆ ಪ್ರಯೋಜನ ಕಡಿಮೆ. ಮನೆಯವರಿಗೆ ಒಪ್ಪಲು ಕಷ್ಟವಾಗುವುದು ಇದೇ. ಅವಳು ಏದುಸಿರು ಬಿಟ್ಟ ಕೂಡಲೇ "ಸಾಕು, ಕೂತ್ಕ" ಅನ್ನುವ ನಮ್ಮ ಬಾಯಿಗೆ ಬೀಗ ಹಾಕಿಕೊಳ್ಳಬೇಕಾಯಿತು. ಅಳತೆಯೊಳಗಿನ ಏದುಸಿರಿನಿಂದ ಅಪಾಯವಿಲ್ಲ ಎಂದು ಅವರು ನಮಗೇ ಎರಡು ಸಲ ಹೇಳಬೇಕಾಯಿತು.

ಉಸಿರು ಬಿಡುವ ಕ್ರಮ ಕಲಿಸುವಾಗ ಒಂದು ಸ್ವಾರಸ್ಯ ಇತ್ತು. ಮೂಗಿನಿಂದ ಎಳೆದು, ತುಟಿ ಚೂಪು ಮಾಡಿ ನಿಧಾನ ಬಿಡಬೇಕು, ಎಳೆದದ್ದಕ್ಕಿಂತ ಎರಡು ಪಟ್ಟು ಹೊತ್ತು. ಹೀಗೆ ಬಿಟ್ಟರೆ ಕೊಳವೆಯೊಳಗೆ ಸ್ವಲ್ಪ ಒತ್ತಡ ಉಳಿಯುತ್ತದೆ, ಅವು ಬೇಗ ಮುಚ್ಚಿಕೊಳ್ಳುವುದಿಲ್ಲ, ಹಳೆಯ ಗಾಳಿ ಹೊರಹೋಗಲು ಸಮಯ ಸಿಗುತ್ತದೆ. ದೊಡ್ಡಾಯಿ ತುಟಿ ಚೂಪು ಮಾಡಿದ ಕೂಡಲೇ ಐವತ್ತು ವರ್ಷದ ಅಭ್ಯಾಸ ಬಂತು. ಊದುಗೊಳವೆಯಲ್ಲಿ ಊದಿದ ಹಾಗೆ ಜೋರಾಗಿ ಊದಿದಳು. ಹಾಗಲ್ಲ, ಬಿಸಿ ಚಾ ಆರಿಸುವ ಹಾಗೆ ಅಂದರು. ಏರು ಹತ್ತುವಾಗ, ಭಾರ ಎತ್ತುವಾಗ, ಬಗ್ಗುವಾಗ, ಕಷ್ಟದ ಭಾಗದಲ್ಲಿ ಉಸಿರು ಬಿಡಬೇಕು. ನಾವೆಲ್ಲ ಆಗಲೇ ಉಸಿರು ಬಿಗಿಹಿಡಿಯುತ್ತೇವೆ.

ಕೈ ಮೇಲೆತ್ತುವ ಕೆಲಸದಲ್ಲಿ ದಮ್ಮು ಜಾಸ್ತಿ ಯಾಕೆ ಬರುತ್ತದೆ ಅಂತಲೂ ಅವತ್ತೇ ಗೊತ್ತಾಯಿತು. ದಮ್ಮಿನವರು ಕುತ್ತಿಗೆ, ಹೆಗಲಿನ ಸ್ನಾಯುಗಳನ್ನೂ ಉಸಿರಿಗೆ ಬಳಸುತ್ತಿರುತ್ತಾರೆ. ಬಟ್ಟೆ ಹರವಲು, ತಲೆ ಬಾಚಲು ಕೈ ಎತ್ತಿದರೆ ಅದೇ ಸ್ನಾಯುಗಳಿಗೆ ಎರಡು ಕೆಲಸ ಬೀಳುತ್ತದೆ. ಹಾಗಾಗಿ ಕೈಗೂ ವ್ಯಾಯಾಮ. ಒಂದು ಲೀಟರಿನ ನೀರಿನ ಬಾಟಲಿ ಅಂದರೆ ಒಂದು ಕಿಲೋ. ಅರ್ಧ ತುಂಬಿಸಿ ಶುರು ಮಾಡಿದರೆ ಆಯಿತು.

ಇನ್ನೊಂದು ಮಾತು, ನಮ್ಮ ಕಡೆಯವರೆಲ್ಲ ಗಮನಿಸಬೇಕಾದ್ದು. ನಡಿಗೆಯ ಸಮಯ ಬಚ್ಚಲ ಒಲೆಯ ಸಮಯ ಆಗಬಾರದು. ಬೆಳಿಗ್ಗೆ ಎಲ್ಲರ ಸ್ನಾನ ಮುಗಿದು ಹೊಗೆ ಅಡಗಿದ ಮೇಲೆ ನಡೆಯಬೇಕು. ಅಡಿಕೆ ಬೇಯಿಸುವ ದಿನಗಳಲ್ಲಿ ಅಂಗಳ ಬಿಟ್ಟು ಬೇರೆ ಕಡೆ. ಬಚ್ಚಲಿಗೆ ಸೋಲಾರೋ ಗೀಸರೋ ಹಾಕಿಸಲು ಆಗುವ ಮನೆಯವರು ಉಳಿದ ಖರ್ಚಿಗಿಂತ ಮೊದಲು ಅದನ್ನು ಮಾಡಿ. ಹೊಗೆಯಲ್ಲೇ ಕೂರಿಸಿ ಕೊಡುವ ಔಷಧಿ ಎಷ್ಟು ದಿನ ತಡೆದೀತು?

ಆಮೇಲೆ ಎಂಟು ವಾರ, ಪ್ರತಿ ಮಂಗಳವಾರ ಸಂಜೆ ಫೋನು. ಎಷ್ಟು ಅಡಿಕೆ ಆಯಿತು, ಕಾಲು ನೋವಿದೆಯಾ, ಕಫದ ಬಣ್ಣ ಎಂಥದು, ಇನ್‌ಹೇಲರ್ ಪಂಪು ಎಳೆದ ಮೇಲೆ ಬಾಯಿ ಮುಕ್ಕಳಿಸಿದಿರಾ. ಮೂರನೇ ವಾರ ಅವಳು ಬೇಜಾರು ಮಾಡಿಕೊಂಡು ಬಿಟ್ಟೇಬಿಟ್ಟಿದ್ದಳು. ಮಂಗಳವಾರ ಅವರು ಕೇಳುತ್ತಾರಲ್ಲ ಎಂದು ಸೋಮವಾರ ಮತ್ತೆ ಶುರು ಮಾಡಿದಳು. ಫೋನಿನ ಶಕ್ತಿ ಇರುವುದು ಅಲ್ಲಿ ಅಂತ ನನಗೆ ಅನಿಸುತ್ತದೆ. ವ್ಯಾಯಾಮದ ವಿಡಿಯೋ ಬೇಕಾದಷ್ಟು ಸಿಗುತ್ತದೆ. ಮಂಗಳವಾರ ಕೇಳುವವರು ಸಿಗುವುದಿಲ್ಲ. ಎಂಟು ವಾರದ ಕೊನೆಗೆ ಕುರ್ಚಿ ಪರೀಕ್ಷೆಯಲ್ಲಿ ಹದಿನಾಲ್ಕು ಸಲ ಎದ್ದಳು.

ಎಲ್ಲರಿಗೂ ಅಲ್ಲ, ಸುಮ್ನೆ ಶುರು ಮಾಡುವುದೂ ಅಲ್ಲ

ಇಷ್ಟು ಓದಿ ನಾಳೆಯೇ ಮನೆಯ ಹಿರಿಯರನ್ನು ಅಂಗಳಕ್ಕೆ ಇಳಿಸಬೇಡಿ, ದಯವಿಟ್ಟು. ಮೊದಲ ಪರೀಕ್ಷೆ ಎದುರಿಗೇ ಆಗಬೇಕು. ಇತ್ತೀಚೆಗೆ ಹೃದಯಾಘಾತ ಆದವರು, ಎದೆನೋವು ಇರುವವರು, ನಡೆದರೆ ತಲೆಸುತ್ತಿ ಬೀಳುವವರು ಡಾಕ್ಟರ ಒಪ್ಪಿಗೆ ಇಲ್ಲದೆ ಮಾಡಕೂಡದು. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ, ಐಎಲ್‌ಡಿ ಅನ್ನುತ್ತಾರಲ್ಲ, ಅದು ಇರುವವರಿಗೆ ಕೂತಾಗ ಆಕ್ಸಿಜನ್ ಚೆನ್ನಾಗಿದ್ದು ನಾಲ್ಕು ಹೆಜ್ಜೆ ಇಟ್ಟ ಕೂಡಲೇ ಸರ್ರನೆ ಇಳಿಯುವುದುಂಟು. ಅಂಥವರ ರಿಹ್ಯಾಬ್ ಬರೀ ಫೋನಿನಲ್ಲಿ ಆಗುವಂಥದ್ದಲ್ಲ.

ಆಕ್ಸಿಮೀಟರ್ 2021ರಲ್ಲಿ ಕೊಂಡದ್ದು ಎಷ್ಟೋ ಮನೆಗಳ ಕಪಾಟಿನಲ್ಲಿ ಇದೆ. ಸೆಲ್ ಬದಲಿಸಿ ನೋಡಿ. ತಣ್ಣಗಿನ ಕೈಗೆ, ಉಗುರುಬಣ್ಣದ ಬೆರಳಿಗೆ ಹಾಕಿದರೆ ತಪ್ಪು ತೋರಿಸುತ್ತದೆ. ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಅದನ್ನೂ ನೆನಪಿಟ್ಟುಕೊಳ್ಳಬೇಕು. ನಡೆಯುವಾಗ ಆಕ್ಸಿಜನ್ ಅಂಕಿ 88ಕ್ಕಿಂತ ಕೆಳಗೆ ಹೋದರೆ ನಿಲ್ಲಿಸಿ, ಕೂತು, ಕಲಿಸುವವರಿಗೆ ತಿಳಿಸಬೇಕು. ಕಫ ಹಳದಿ ಅಥವಾ ಹಸಿರಾದರೆ, ಕಫ ಜಾಸ್ತಿಯಾದರೆ, ಕಾಲು ಬಾತರೆ ಅವತ್ತೇ ಡಾಕ್ಟರ ಹತ್ತಿರ. ತುಟಿ ನೀಲಿಯಾದರೆ, ಮಾತು ತೊದಲಿ ಮಂಪರು ಬಂದರೆ 108.

ಪುರಾವೆಯ ಮಿತಿಯನ್ನೂ ಹೇಳಬೇಕು. ಈ ಪ್ರಯೋಗಗಳು ಬಹುಪಾಲು ಶ್ರೀಮಂತ ದೇಶಗಳಲ್ಲಿ ನಡೆದವು. ಅಲ್ಲಿ ಸಂಜೆ ಬಚ್ಚಲ ಒಲೆ ಉರಿಯುವುದಿಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಗೆ ಬೂಸಲು ಹಿಡಿಯುವುದಿಲ್ಲ. ಅದೇ ಲಾಭ ಇಲ್ಲಿಯೂ ಸಿಗುತ್ತದೋ ಎಂದು ಇಲ್ಲಿಯೇ ಮಾಡಿ, ಅಳೆದು, ಬರೆದಿಡಬೇಕು.

ಜಿಲ್ಲೆಯಲ್ಲಿ ಯಾರು ಮಾಡಬೇಕು

ಲೆಕ್ಕ ಹಾಕಿ ನೋಡೋಣ. ಒಂದು ಕರೆ ಇಪ್ಪತ್ತು ನಿಮಿಷ. ಮೂವತ್ತು ರೋಗಿಗಳಿಗೆ ವಾರಕ್ಕೆ ಹತ್ತು ಗಂಟೆ. ಒಬ್ಬ ಫಿಸಿಯೋ ವಾರದಲ್ಲಿ ಎರಡು ದಿನಕ್ಕಿಂತ ಕಡಿಮೆ ಹೊತ್ತು ಕೊಟ್ಟರೆ ಸಾಕು. ಎಂಟು ವಾರಕ್ಕೊಂದು ತಂಡ ಅಂದರೆ ವರ್ಷಕ್ಕೆ ಆರು ತಂಡ, 180 ಜನ. ಮೊದಲ ಭೇಟಿಗೆ ಮನೆಮನೆಗೆ ಹೋಗಲು ಆಗದಿದ್ದರೆ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರವಾದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಮಾಡಬಹುದು. ಅಲ್ಲಿ ಸಿಎಚ್‌ಒ, ಅಂದರೆ ಸಮುದಾಯ ಆರೋಗ್ಯ ಅಧಿಕಾರಿ, ಇದ್ದಾರೆ. ಕುರ್ಚಿ ಪರೀಕ್ಷೆ, ಬಿಪಿ, ಆಕ್ಸಿಮೀಟರ್ ನೋಡಲು ಅವರಿಗೆ ಕಲಿಸಬಹುದು. ಯಾರ ಮನೆಯಲ್ಲಿ ಯಾರು ಜಗಲಿ ಬಿಟ್ಟು ಏಳುತ್ತಿಲ್ಲ ಅನ್ನುವುದು ಆಶಾ ಕಾರ್ಯಕರ್ತೆಯರಿಗೆ ಈಗಾಗಲೇ ಗೊತ್ತು. ಕೇಂದ್ರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಬಿಪಿ, ಶುಗರ್ ಜೊತೆ ಸಿಒಪಿಡಿ, ಅಸ್ತಮಾ ಕೂಡ ಇವೆ. ಅದರೊಳಗೇ ಇದಕ್ಕೆ ಜಾಗ ಮಾಡಬಹುದು.

ಅಡ್ಡ ಬರುವ ದೊಡ್ಡ ವಿಷಯ ದುಡ್ಡಿನ ಕ್ರಮ. ಆಸ್ಪತ್ರೆಗೆ ಸೇರಿದರೆ ಆಯುಷ್ಮಾನ್ ಕಾರ್ಡು ನಡೆಯುತ್ತದೆ. ಮತ್ತೆ ಸೇರದಂತೆ ತಡೆಯುವ ಏಳು ಫೋನ್ ಕರೆಗೆ ಯಾವ ಕಾರ್ಡೂ ನಡೆಯುವುದಿಲ್ಲ. ಸರ್ಕಾರದ ಟೆಲಿಮೆಡಿಸಿನ್ ಸೇವೆ ಇ-ಸಂಜೀವಿನಿ ಒಳ್ಳೆಯದೇ, ಆದರೆ ಅದು ಡಾಕ್ಟರನ್ನು ಒಮ್ಮೆ ಕೇಳಿ ಚೀಟಿ ಪಡೆಯುವ ವ್ಯವಸ್ಥೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ನಿಯಮಗಳೂ ವೈದ್ಯರಿಗಾಗಿ ಬರೆದವು. ಫಿಸಿಯೋಗಳಿಗೆ ಈಗ 2021ರ ಕಾಯ್ದೆಯಿಂದ ಸ್ವಂತ ಮಾನ್ಯತೆ ಸಿಕ್ಕಿದೆ. ಅವರು ಫೋನಿನಲ್ಲಿ ಮಾಡುವ ಕೆಲಸವನ್ನೂ ಕೆಲಸ ಅಂತ ಲೆಕ್ಕಕ್ಕೆ ಹಿಡಿದರೆ ಉಳಿದದ್ದು ಕಷ್ಟವಲ್ಲ.

ಅಲ್ಲಿಯವರೆಗೆ ಮನೆಯವರು ಒಂದು ಕೆಲಸ ಮಾಡಬಹುದು. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ "ರೆಸ್ಟ್" ಅಂದರೆ ಎಷ್ಟು ದಿನ ಅಂತ ಕೇಳಿ. ಯಾವಾಗಿನಿಂದ ನಡೆಸಬಹುದು, ಎಷ್ಟು, ಯಾರು ಕಲಿಸುತ್ತಾರೆ ಅಂತ ಕೇಳಿ. ಉತ್ತರವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಸ್ಪೈರೋಮೆಟ್ರಿ ಅಂದರೆ ಊದುವ ಪರೀಕ್ಷೆ ಆಗಿದೆಯಾ ಅಂತಲೂ ನೋಡಿ, ಅದಿಲ್ಲದೆ ಸಿಒಪಿಡಿ ಎಂದು ಖಚಿತ ಹೇಳಲು ಬರುವುದಿಲ್ಲ.

ರಿಹ್ಯಾಬಿನ ಲಾಭ ತಾನಾಗಿ ಉಳಿಯುವುದಿಲ್ಲ. ಬಿಟ್ಟರೆ ಆರು ತಿಂಗಳಿಂದ ಒಂದು ವರ್ಷದಲ್ಲಿ ಕರಗುತ್ತದೆ. ಎಂಟು ವಾರ ಮುಗಿದ ಮೇಲೆ ಆ ಫಿಸಿಯೋ ಫೋನ್ ಮಾಡುವುದು ನಿಲ್ಲಿಸಿದರು, ಅವರಿಗೆ ಬೇರೆಯವರೂ ಇದ್ದಾರೆ. ಈಗ ಮಂಗಳವಾರ ನಾನು ಮಾಡುತ್ತೇನೆ. ಎಷ್ಟು ಅಡಿಕೆ ಅಂತ ಕೇಳುತ್ತೇನೆ. ಕಳೆದ ವಾರ ಹದಿನೆಂಟು. ತೋಟಕ್ಕೂ ಹೋಗಿ ಬರುತ್ತಾಳೆ. ಏರಿನಲ್ಲಿ ಈಗಲೂ ಒಂದು ಕಡೆ ನಿಲ್ಲುತ್ತಾಳೆ. ಅಲ್ಲಿ ಕೂರಲು ಒಂದು ಚಪ್ಪಡಿ ಕಲ್ಲು ಹಾಕಿಸಿದ್ದೇವೆ.